ಜನ ನೀರಿಗೆ ಇಳಿಯುವಂಥ ನದಿದಂಡೆ ಮಾಡುವುದು ಹೇಗೆ

ನದಿದಂಡೆ ಅಭಿವೃದ್ಧಿ ಅನ್ನುವ ಹೆಸರಿನಲ್ಲಿ ನಡೆಯುವ ಕೆಲಸದಲ್ಲಿ ಜಾಸ್ತಿ ಪಾಲು ನದಿಯ ಪಕ್ಕದ ರಸ್ತೆಯ ಅಭಿವೃದ್ಧಿ. ಎತ್ತರದ ಕಾಂಕ್ರೀಟ್ ಗೋಡೆ ಎಬ್ಬಿಸುತ್ತಾರೆ. ಮೇಲೆ ಟೈಲ್ಸ್ ಹಾಕಿದ ಕಾಲುದಾರಿ, ಸ್ಟೀಲ್ ಕಂಬಿ, ಸಾಲಾಗಿ ದೀಪ. ಕಂಬಿಗೆ ಒರಗಿ ನಿಂತರೆ ಆರೇಳು ಮೀಟರ್ ಕೆಳಗೆ ನೀರು ಕಾಣುತ್ತದೆ. ಜನ ಒಂದು ಸೆಲ್ಫಿ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ಇದಕ್ಕೆ ನದಿಯೇ ಬೇಕಿರಲಿಲ್ಲ, ಯಾವುದೋ ಮೇಲ್ಸೇತುವೆ ಸಾಕಿತ್ತು.

ನನ್ನ ಪರೀಕ್ಷೆ ಸರಳ. ಅಮ್ಮನ ಕೈ ಹಿಡಿದ ಮಗು, ಎಪ್ಪತ್ತು ದಾಟಿದ ಅಜ್ಜಿ, ಗಾಲಿಕುರ್ಚಿಯಲ್ಲಿ ಕೂತವರು, ಈ ಮೂವರೂ ನೀರಿಗೆ ಕೈ ಹಾಕಿ ಒದ್ದೆ ಮಾಡಿಕೊಳ್ಳಬಹುದಾ? ಆಗುತ್ತದೆ ಅಂದರೆ ವಿನ್ಯಾಸ ಗೆದ್ದಿದೆ. ಇಲ್ಲ ಅಂದರೆ ಎಷ್ಟೇ ಕೋಟಿ ಸುರಿದಿದ್ದರೂ ಅದು ನೋಟದ ಜಾಗ ಅಷ್ಟೇ. ಈ ಬರಹ ಪೂರ್ತಿ ಆ ಒಂದು ಪರೀಕ್ಷೆಯ ಸುತ್ತಲೇ ಇದೆ. ವಿನ್ಯಾಸ ಮಾಡುವವರಿಗೆ, ನಗರಾಡಳಿತದಲ್ಲಿ ಇರುವವರಿಗೆ, ಯೋಜನೆಯ ಸಭೆಗೆ ಹೋಗಿ ಪ್ರಶ್ನೆ ಕೇಳಬೇಕು ಅಂದುಕೊಂಡ ನಿವಾಸಿಗಳಿಗೆ, ಮೂವರಿಗೂ ಉಪಯೋಗವಾಗುವ ಹಾಗೆ ಬರೆದಿದ್ದೇನೆ.

ಮೊದಲು ನದಿಯ ಏರಿಳಿತ

ನಕ್ಷೆ ಬಿಡಿಸುವ ಮೊದಲು ನದಿಯನ್ನು ಅಡ್ಡಕ್ಕೆ ಕತ್ತರಿಸಿದ ಚಿತ್ರ ಬಿಡಿಸಿ. ಒಂದು ದಂಡೆಯ ಮನೆಗಳಿಂದ ಇನ್ನೊಂದು ದಂಡೆಯ ಮನೆಗಳವರೆಗೆ. ಅದರ ಮೇಲೆ ನಾಲ್ಕು ಗೆರೆ ಎಳೆಯಿರಿ: ಕಡು ಬೇಸಿಗೆಯ ನೀರಿನ ಮಟ್ಟ, ವರ್ಷದ ಬಹುಪಾಲು ದಿನ ಇರುವ ಮಟ್ಟ, ಹೆಚ್ಚುಕಡಿಮೆ ಪ್ರತಿ ಮಳೆಗಾಲದಲ್ಲೂ ಬರುವ ನೆರೆ, ಮತ್ತು ಯಾವಾಗಲೋ ಬರುವ ದೊಡ್ಡ ನೆರೆ. ಮೇಲಿನಿಂದ ನೋಡುವ ನಕ್ಷೆ ಎಷ್ಟೇ ಚಂದ ಇರಲಿ, ಈ ನಾಲ್ಕು ಗೆರೆ ಇಲ್ಲದಿದ್ದರೆ ಅದನ್ನು ನಂಬಬೇಡಿ. ಕಂಪ್ಯೂಟರಿನಲ್ಲಿ ಬಿಡಿಸಿದ ಆ ಹೊಳೆಯುವ ಚಿತ್ರಗಳಲ್ಲಿ ನೀರು ಯಾವಾಗಲೂ ನೀಲಿಯಾಗಿ, ಒಂದೇ ಮಟ್ಟದಲ್ಲಿ, ಅಲೆಯಿಲ್ಲದೆ ನಿಂತಿರುತ್ತದೆ. ಅಂಥ ನದಿ ಎಲ್ಲೂ ಇಲ್ಲ.

ಈ ಗೆರೆಗಳು ಸಿಗುವುದು ಎಲ್ಲಿ? ನೀರಾವರಿ ಅಥವಾ ಜಲಸಂಪನ್ಮೂಲ ಇಲಾಖೆಯ ಮಾಪನ ಕೇಂದ್ರಗಳ ದಾಖಲೆ ಒಂದು ಕಡೆ. ಇನ್ನೊಂದು ಕಡೆ ಹಳೇ ಸೇತುವೆಯ ಕಂಬ, ದಡದ ಮನೆಗಳ ಗೋಡೆ, ಮರದ ಕೊಂಬೆಗೆ ಸಿಕ್ಕಿಹಾಕಿಕೊಂಡ ಪ್ಲಾಸ್ಟಿಕ್. ಮೂರನೆಯದು ದೋಣಿ ನಡೆಸುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು. ಯಾವ ಕಲ್ಲಿನವರೆಗೆ ನೀರು ಬಂದರೆ ಕೆಲಸ ನಿಲ್ಲಿಸುತ್ತೀರಿ ಅಂತ ಕೇಳಿ. ಉತ್ತರ ಥಟ್ಟನೆ ಬರುತ್ತದೆ, ಅದೂ ಸೆಂಟಿಮೀಟರ್ ಲೆಕ್ಕದಲ್ಲಿ ಸರಿಯಾಗಿಯೇ ಇರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಪದೇಪದೇ ಕಾಣುತ್ತದೆ. ‘ನೂರು ವರ್ಷದ ನೆರೆ’ ಅಂದರೆ ನೂರು ವರ್ಷಕ್ಕೊಮ್ಮೆ ಬರುವ ನೆರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ಅದು ಬರುವ ಸಾಧ್ಯತೆ 1 ಪ್ರತಿಶತ ಅಂತ. ನೀವು ಕಟ್ಟಿದ್ದು 30 ವರ್ಷ ನಿಲ್ಲಬೇಕು ಅಂದುಕೊಂಡರೆ, ಆ ಅವಧಿಯಲ್ಲಿ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ಸುಮಾರು 26 ಪ್ರತಿಶತ. ನಾಲ್ಕರಲ್ಲಿ ಒಂದು! ಹಳೇ ದಾಖಲೆಯಿಂದ ಬಂದ ಲೆಕ್ಕ ಇದು. ಮಳೆ ಸುರಿಯುವ ರೀತಿ ಬದಲಾಗಿರುವಾಗ, ಮೇಲ್ಭಾಗದ ಜಮೀನೆಲ್ಲ ಕಾಂಕ್ರೀಟ್ ಆಗಿರುವಾಗ, ಇನ್ನೂ ಜಾಸ್ತಿಯೇ ಇರಬಹುದು.

ನೀರು ಮುಟ್ಟುವ ಹಾಗಿದೆಯಾ

ಕೊಳಚೆ ಬರುತ್ತಿರುವ ನದಿಗೆ ಮೆಟ್ಟಿಲು ಕಟ್ಟುವುದು ಜನರಿಗೆ ಮಾಡುವ ಮೋಸ. ಮೂಗು ಮುಚ್ಚಿಕೊಂಡು ಯಾರೂ ಸಂಜೆ ಕಳೆಯುವುದಿಲ್ಲ. ಹಾಗಾಗಿ ದಂಡೆಯ ಬಜೆಟ್ ಅನ್ನು ಮೊದಲು ದಂಡೆಯ ಹಿಂದೆ ಖರ್ಚು ಮಾಡಬೇಕು: ನದಿಗೆ ಬೀಳುವ ಪ್ರತಿಯೊಂದು ಮೋರಿಯ ಬಾಯಿಯನ್ನೂ ನಡೆದುಕೊಂಡು ಹೋಗಿ ಗುರುತಿಸಿ, ಮಳೆ ಇಲ್ಲದ ದಿನವೂ ಯಾವುದರಲ್ಲಿ ನೀರು ಹರಿಯುತ್ತಿದೆ ನೋಡಿ. ಒಣ ದಿನದಲ್ಲಿ ಹರಿಯುವ ಮಳೆನೀರು ಚರಂಡಿ ಅಂದರೆ ಅದರಲ್ಲಿ ಬರುತ್ತಿರುವುದು ಬಹುತೇಕ ಮನೆಗಳ ಕೊಳಚೆಯೇ.

ಮುಟ್ಟುವ ಮಟ್ಟಕ್ಕೆ ನೀರು ಬಂದಿದೆಯಾ ಅನ್ನುವುದಕ್ಕೆ ಅಳತೆ ಇದೆ. ಯುರೋಪಿನ ಒಕ್ಕೂಟದ ಸ್ನಾನದ ನೀರಿನ ನಿಯಮದಲ್ಲಿ ನದಿ, ಕೆರೆಗಳಿಗೆ ಅತ್ಯುತ್ತಮ ದರ್ಜೆ ಸಿಗಬೇಕಾದರೆ 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎಣಿಕೆ 500 ದಾಟಬಾರದು. ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಲ್ಲಿ ಹೊರಾಂಗಣ ಸ್ನಾನದ ನೀರಿಗೆ ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 3 ಮಿಲಿಗ್ರಾಂ ಒಳಗಿರಬೇಕು. ಒಂದೇ ದಿನದ ಪರೀಕ್ಷೆಯ ವರದಿ ತೋರಿಸಿದರೆ ಒಪ್ಪಬೇಡಿ. ಮಳೆ ಬಂದ ಮರುದಿನದ ವರದಿ ಕೇಳಿ. ನಿಜ ಗೊತ್ತಾಗುವುದು ಆವತ್ತು.

ಯಾಕೆಂದರೆ ಎಷ್ಟೋ ಹಳೇ ನಗರಗಳಲ್ಲಿ ಕೊಳಚೆ ಮತ್ತು ಮಳೆನೀರು ಒಂದೇ ಕೊಳವೆಯಲ್ಲಿ ಹೋಗುತ್ತದೆ. ಜೋರು ಮಳೆ ಬಂದರೆ ಕೊಳವೆ ತುಂಬಿ ಎರಡೂ ಸೇರಿ ನದಿಗೆ ಉಕ್ಕುತ್ತದೆ. ಪ್ಯಾರಿಸ್ಸಿನ ಸೇನ್ ನದಿಯಲ್ಲಿ 1923ರಲ್ಲಿ ಈಜು ನಿಷೇಧವಾಗಿತ್ತು. ಸಾರ್ವಜನಿಕರಿಗೆ ಮತ್ತೆ ಈಜುವ ಜಾಗಗಳು ತೆರೆದದ್ದು 2025ರ ಜುಲೈನಲ್ಲಿ. ಅದಕ್ಕಾಗಿ ಆಸ್ಟರ್ಲಿಟ್ಸ್ ರೈಲು ನಿಲ್ದಾಣದ ಹತ್ತಿರ ನೆಲದಡಿ 50,000 ಘನ ಮೀಟರ್ ನೀರು ಹಿಡಿಯುವ ತೊಟ್ಟಿ ಕಟ್ಟಿದರು, ಮಳೆಯ ಹೊತ್ತಿನಲ್ಲಿ ಉಕ್ಕುವ ನೀರನ್ನು ಅಲ್ಲಿ ತಡೆದು ನಿಲ್ಲಿಸುವುದಕ್ಕೆ. ಇಷ್ಟಾದರೂ ಜೋರು ಮಳೆಯಾದಾಗ ಈಜುವ ಜಾಗಗಳನ್ನು ಮುಚ್ಚುತ್ತಾರೆ. ಮುಚ್ಚುವುದು ಸೋಲಲ್ಲ. ಕೋಪನ್‌ಹೇಗನ್ನಿನ ಬಂದರಿನ ಈಜುಕಟ್ಟೆಗಳಲ್ಲೂ ಇದೇ ಪದ್ಧತಿ: ನೀರು ಕೆಟ್ಟ ದಿನ ಮುಚ್ಚು, ಸರಿಯಾದ ದಿನ ತೆರೆ, ಎರಡನ್ನೂ ಜನರಿಗೆ ಹೇಳು. ಹೀಗೆ ಹೇಳಿದರೆ ಜನ ನಂಬುತ್ತಾರೆ.

ನಿಮ್ಮ ನದಿ ಈಜುವ ಮಟ್ಟಕ್ಕೆ ಬರುವುದಕ್ಕೆ ಹದಿನೈದು ವರ್ಷ ಬೇಕು ಅಂದುಕೊಳ್ಳಿ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ದೋಣಿ, ಗಾಳ ಹಾಕುವ ಜಾಗ, ನೀರಿಗೆ ಹತ್ತಿರದ ಕಟ್ಟೆ ಇವುಗಳಿಂದ ಶುರು ಮಾಡಿ. ಆದರೆ ಮುಂದೆ ಇಳಿಯುವ ಹಾಗೆ ಜಾಗ ಬಿಟ್ಟು ಕಟ್ಟಿ.

ರಸ್ತೆ ದಾಟಿಸುವುದು

ನಗರಕ್ಕೂ ನದಿಗೂ ನಡುವೆ ಬಹುತೇಕ ಕಡೆ ಒಂದು ದೊಡ್ಡ ರಸ್ತೆ ಇರುತ್ತದೆ. ನದಿಯ ಪಕ್ಕ ಖಾಲಿ ಜಾಗ ಸಿಕ್ಕಿತು, ಜಮೀನು ಕೊಳ್ಳುವ ತಾಪತ್ರಯ ಇಲ್ಲ ಅಂತ ಒಂದು ಕಾಲದಲ್ಲಿ ಎಲ್ಲರೂ ಅಲ್ಲೇ ರಸ್ತೆ ಹಾಕಿದರು. ಈಗ ಅದನ್ನು ದಾಟಿ ಬರುವುದೇ ಜನರಿಗೆ ದೊಡ್ಡ ಕಷ್ಟ.

ಧೈರ್ಯ ಇರುವ ಊರುಗಳು ರಸ್ತೆಯನ್ನೇ ತೆಗೆದವು. ಅಮೆರಿಕದ ಪೋರ್ಟ್‌ಲ್ಯಾಂಡ್ 1974ರಲ್ಲಿ ನದಿ ಪಕ್ಕದ ಹೆದ್ದಾರಿ ಮುಚ್ಚಿ ಅಲ್ಲಿ ಉದ್ಯಾನ ಮಾಡಿತು. ದಕ್ಷಿಣ ಕೊರಿಯಾದ ಸೋಲ್ ನಗರ ಚಂಗ್ಯೆಚನ್ ಹೊಳೆಯ ಮೇಲಿದ್ದ ಎತ್ತರದ ರಸ್ತೆಯನ್ನು 2003ರಿಂದ ಕೆಡವಿ, 2005ರಲ್ಲಿ ಸುಮಾರು 5.8 ಕಿಲೋಮೀಟರ್ ಹೊಳೆಯನ್ನು ಬಯಲಿಗೆ ತಂದಿತು. ಫ್ರಾನ್ಸಿನ ಲಿಯೋನ್ ರೋನ್ ನದಿಯ ಎಡದಂಡೆಯಲ್ಲಿದ್ದ ಕಾರ್ ಪಾರ್ಕಿಂಗ್ ತೆಗೆದು 2007ರಲ್ಲಿ ಸುಮಾರು 5 ಕಿಲೋಮೀಟರ್ ಉದ್ದದ ದಂಡೆ ಮಾಡಿತು. ಮ್ಯಾಡ್ರಿಡ್ ಹೆದ್ದಾರಿಯನ್ನು ಸುರಂಗಕ್ಕೆ ಇಳಿಸಿತು. ಅದಕ್ಕೆ ಬೇಕಾದ ಹಣ ಎಲ್ಲರ ಹತ್ತಿರ ಇರುವುದಿಲ್ಲ, ಬಿಡಿ.

ರಸ್ತೆ ತೆಗೆಯಲು ಆಗದಿದ್ದರೆ ಅದನ್ನು ಪಳಗಿಸಿ. ಲೇನ್ ಕಡಿಮೆ ಮಾಡಿ, ವೇಗ ತಗ್ಗಿಸಿ, ನದಿಗೆ ಹೋಗುವ ಪ್ರತಿ ಅಡ್ಡರಸ್ತೆಯ ಕೊನೆಗೂ ನೆಲದ ಮಟ್ಟದಲ್ಲೇ ದಾಟುವ ಪಟ್ಟಿ ಕೊಡಿ. ಪಾದಚಾರಿ ಮೇಲ್ಸೇತುವೆ ಮಾತ್ರ ಬೇಡ. ಅದನ್ನು ಯಾರೂ ಹತ್ತುವುದಿಲ್ಲ, ಎಲ್ಲರೂ ಡಿವೈಡರ್ ಹಾರುತ್ತಾರೆ, ಅದು ಕಟ್ಟುವವರಿಗೂ ಗೊತ್ತು. ಅಡ್ಡರಸ್ತೆಯಲ್ಲಿ ನಿಂತವರಿಗೆ ಕೊನೆಯಲ್ಲಿ ನೀರು ಅಥವಾ ಕನಿಷ್ಠ ಆಕಾಶದ ಬಯಲಾದರೂ ಕಾಣಬೇಕು. ಅಲ್ಲಿ ಸ್ವಾಗತ ಕಮಾನು, ಟಿಕೆಟ್ ಕೌಂಟರ್, ಜಾಹೀರಾತು ಫಲಕ ಇವೆಲ್ಲ ಅಡ್ಡ ಬರಬಾರದು.

ದಡವನ್ನು ಹಂತಹಂತವಾಗಿ ಇಳಿಸಿ

ಮೊದಲು ಎಳೆದ ನಾಲ್ಕು ಗೆರೆ ಈಗ ಕೆಲಸಕ್ಕೆ ಬರುತ್ತವೆ. ದೊಡ್ಡ ನೆರೆಯ ಮೇಲೆ ಇರುವ ಜಾಗದಲ್ಲಿ ಕಟ್ಟಡ, ಶೌಚಾಲಯ, ವಿದ್ಯುತ್ ಪೆಟ್ಟಿಗೆ. ವರ್ಷಕ್ಕೊಮ್ಮೆ ಮುಳುಗುವ ಜಾಗದಲ್ಲಿ ನಡೆಯುವ ದಾರಿ, ಆಟದ ಬಯಲು, ಮರ. ಪದೇಪದೇ ಮುಳುಗುವ ಜಾಗದಲ್ಲಿ ಕಲ್ಲು, ಜೊಂಡು, ಮೆಟ್ಟಿಲು. ಎಲ್ಲವನ್ನೂ ನೆರೆಯ ಮೇಲಕ್ಕೆ ಎತ್ತಿ ಇಟ್ಟರೆ ಸುರಕ್ಷಿತ ಅನ್ನಿಸುತ್ತದೆ, ಆದರೆ ಉಳಿದ ಮುನ್ನೂರು ದಿನ ಜನ ನೀರಿನಿಂದ ಆರು ಮೀಟರ್ ದೂರ ಇರುತ್ತಾರೆ. ಮುಳುಗುವ ಜಾಗ ಮುಳುಗಲಿ. ಅದಕ್ಕೆ ತಕ್ಕ ಹಾಗೆ ಕಟ್ಟಿ.

ವಾರಾಣಸಿಯ ಘಾಟುಗಳು ಈ ವಿಷಯದಲ್ಲಿ ಇವತ್ತಿಗೂ ದೊಡ್ಡ ಪಾಠ. ಮಳೆಗಾಲದಲ್ಲಿ ಗಂಗೆ ಏರಿದಂತೆ ಕೆಳಗಿನ ಮೆಟ್ಟಿಲು ಒಂದೊಂದಾಗಿ ಮುಳುಗುತ್ತವೆ. ಜನ ಅಷ್ಟೇ ಮೇಲಕ್ಕೆ ಸರಿಯುತ್ತಾರೆ. ನೀರು ಇಳಿದ ಮೇಲೆ ಹೂಳು ತೊಳೆದು ಕೆಳಗೆ ಬರುತ್ತಾರೆ. ನೀರು ಯಾವ ಮಟ್ಟದಲ್ಲಿದ್ದರೂ ಅದರ ಅಂಚಿಗೆ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಗಾಲಿಕುರ್ಚಿಗೆ ಮಾತ್ರ ಅಲ್ಲಿನ ಹಳೇ ಘಾಟುಗಳಲ್ಲಿ ಬಹುತೇಕ ಕಡೆ ದಾರಿ ಇಲ್ಲ. ನೀವು ಕಟ್ಟುವಾಗ ಆ ಕೊರತೆ ತುಂಬಬೇಕು.

ಅಳತೆಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲಿಯೇ ಹೆಚ್ಚು ಎಡವಟ್ಟು ಆಗುವುದು. ನಡೆಯುವ ಮೆಟ್ಟಿಲು 150 ಮಿಲಿಮೀಟರ್ ಎತ್ತರ, 300ಕ್ಕಿಂತ ಜಾಸ್ತಿ ಅಗಲ ಇರಲಿ. ಕೂರುವ ಕಟ್ಟೆಯ ಎತ್ತರ 400ರಿಂದ 450, ಹಿಂದಿನವರ ಕಾಲು ಮುಂದಿನವರ ಬೆನ್ನಿಗೆ ತಾಗದ ಹಾಗೆ ಅಗಲ 800ರ ಮೇಲೆ. ಕಟ್ಟೆಗಳನ್ನೇ ಮೆಟ್ಟಿಲು ಅಂತ ಬಿಟ್ಟುಬಿಡುತ್ತಾರೆ ಎಷ್ಟೋ ಕಡೆ. ವಯಸ್ಸಾದವರಿಗೆ ಅದನ್ನು ಇಳಿಯಲು ಆಗುವುದಿಲ್ಲ. ಪ್ರತಿ ಹತ್ತು ಹದಿನೈದು ಮೀಟರಿಗೊಮ್ಮೆ ಕಟ್ಟೆಗಳ ನಡುವೆ ನಡೆಯುವ ಮೆಟ್ಟಿಲಿನ ಸಾಲು, ಅದಕ್ಕೊಂದು ಹಿಡಿಕಂಬಿ ಬೇಕು.

ಇನ್ನು ರ‍್ಯಾಂಪ್. 1ಕ್ಕೆ 12ರ ಇಳಿಜಾರು ಅಂದರೆ 6 ಮೀಟರ್ ಇಳಿಯಲು 72 ಮೀಟರ್ ಉದ್ದ ಬೇಕು, ಜೊತೆಗೆ 9 ಮೀಟರಿಗೊಮ್ಮೆ ನಿಂತು ಸುಧಾರಿಸಿಕೊಳ್ಳುವ ಸಮತಟ್ಟು ಜಾಗ. ಒಟ್ಟು 80 ಮೀಟರ್ ದಾಟುತ್ತದೆ. ನಕ್ಷೆಯೆಲ್ಲ ಮುಗಿದ ಮೇಲೆ ಇದನ್ನು ಸೇರಿಸಲು ಹೋದರೆ ಅಂಕುಡೊಂಕಾದ ಪಂಜರ ಆಗುತ್ತದೆ. ಅದಕ್ಕೇ ಮೊದಲ ಗೆರೆಯೇ ರ‍್ಯಾಂಪಿನದಾಗಿರಲಿ. ಗೋಡೆಯ ಉದ್ದಕ್ಕೂ ನಿಧಾನವಾಗಿ ಇಳಿಯುವ ಮುಖ್ಯ ದಾರಿಯೇ ಅದು ಅಂತ ಇಟ್ಟುಕೊಳ್ಳಿ. 1ಕ್ಕೆ 20 ಇಟ್ಟರೆ ಇನ್ನೂ ಹಾಯಾಗಿರುತ್ತದೆ. ತಳ್ಳುಗಾಡಿ, ಸೈಕಲ್, ಮಗುವಿನ ಗಾಡಿ ಎಲ್ಲ ಅದರಲ್ಲೇ ಹೋಗುತ್ತವೆ.

ಕೆಳಗಿನ ದಾರಿಗೆ ಮೇಲೆ ಹತ್ತುವ ಜಾಗಗಳು ಹತ್ತಿರ ಹತ್ತಿರ ಇರಬೇಕು. ಸುಮಾರು 100 ಮೀಟರಿಗೊಂದು. ಇಲ್ಲದಿದ್ದರೆ ಒಂದು ಕಡೆ ಗೋಡೆ, ಒಂದು ಕಡೆ ನೀರು, ನಡುವೆ ಸಿಕ್ಕಿಕೊಂಡ ಹಾಗೆ. ನೀರು ಏರಿದಾಗ ಓಡಲು ದಾರಿ ಇಲ್ಲ. ಅದಕ್ಕಿಂತ ದಿನದಿನದ ವಿಷಯ ಅಂದರೆ, ಸಂಜೆ ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸಿದಾಗ ಹೆಣ್ಣುಮಕ್ಕಳಿಗೂ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಅಂಥ ಕಡೆ ಒಂದು ಸಲ ಹೋದವರು ಎರಡನೇ ಸಲ ಹೋಗುವುದಿಲ್ಲ. ಮೇಲಿನ ರಸ್ತೆಯಿಂದ ಕೆಳಗಿನ ದಾರಿ ಪೂರ್ತಿ ಕಾಣುವ ಹಾಗಿರಲಿ.

ನೀರಿನಂಚು

ಇಲ್ಲಿಗೆ ಬಂದರೆ ಎಂಜಿನಿಯರುಗಳಿಗೆ ಭಯ ಶುರುವಾಗುತ್ತದೆ. ಯಾರಾದರೂ ಬಿದ್ದರೆ? ಸುಮ್ನೆ ಕಂಬಿ ಹಾಕಿಬಿಡೋಣ ಅನ್ನುತ್ತಾರೆ. ಭಯ ಸುಳ್ಳಲ್ಲ, ಆದರೆ ಉದ್ದಕ್ಕೂ ಕಂಬಿ ಹಾಕುವುದು ಸೋಮಾರಿ ಪರಿಹಾರ. ಅಪಾಯ ಇರುವುದು ಆಳ ಮತ್ತು ವೇಗದಲ್ಲಿ, ಹಾಗಾಗಿ ಅವೆರಡನ್ನು ಅಳೆದು ಜಾಗ ಆರಿಸಬೇಕು.

ವೇಗ ಅಳೆಯಲು ದೊಡ್ಡ ಸಲಕರಣೆ ಬೇಡ. ದಡದಲ್ಲಿ 10 ಮೀಟರ್ ಅಳೆದು ಗುರುತು ಹಾಕಿ. ಒಂದು ಕಿತ್ತಳೆ ಹಣ್ಣು ನೀರಿಗೆ ಬಿಟ್ಟು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ನೋಡಿ. ಆಳವನ್ನು ಮೀಟರಿನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ತೆಗೆದುಕೊಂಡು ಎರಡನ್ನೂ ಗುಣಿಸಿ. ಉತ್ತರ 0.4 ದಾಟಿದರೆ ಮಕ್ಕಳು ಕಾಲೂರಿ ನಿಲ್ಲುವುದು ಕಷ್ಟ. 0.6 ದಾಟಿದರೆ ದೊಡ್ಡವರಿಗೂ ಅಷ್ಟೇ. ಮೊಣಕಾಲುದ್ದ ನೀರಾದರೂ ಸೆಕೆಂಡಿಗೆ ಒಂದು ಮೀಟರಿಗಿಂತ ಜೋರಾಗಿ ಹರಿಯುತ್ತಿದ್ದರೆ ಮಗುವನ್ನು ಬಿಡುವ ಜಾಗ ಅದಲ್ಲ. ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ, ಹಾಗಾಗಿ ಈ ಅಳತೆಯನ್ನು ಶಾಂತವಾಗಿರುವ ದಿನ ಮಾತ್ರ ಮಾಡಿ ಸಮಾಧಾನಪಟ್ಟುಕೊಳ್ಳಬೇಡಿ. ನೀರು ಏರಿದ ದಿನವೂ ಮಾಡಿ, ಆದರೆ ಆವತ್ತು ದಡದ ಮೇಲೆಯೇ ನಿಂತುಕೊಂಡು.

ಹಾಗಾದರೆ ಇಳಿಯುವ ಜಾಗ ಎಲ್ಲಿ? ಉತ್ತರ ನದಿಯೇ ಕೊಟ್ಟಿರುತ್ತದೆ. ನದಿ ತಿರುಗುವಾಗ ಹೊರಗಿನ ದಡಕ್ಕೆ ನೀರು ಜೋರಾಗಿ ಹೊಡೆದು ಕೊರೆಯುತ್ತದೆ, ಅಲ್ಲಿ ಆಳ ಜಾಸ್ತಿ. ಒಳಗಿನ ದಡದಲ್ಲಿ ನೀರು ನಿಧಾನ, ಅಲ್ಲಿ ಮರಳು, ಬೆಣಚುಕಲ್ಲು ಬಂದು ಕೂರುತ್ತದೆ. ಆಟ, ಸ್ನಾನ, ಕಾಲು ಇಳಿಬಿಡುವುದು ಎಲ್ಲ ಒಳತಿರುವಿನಲ್ಲಿ. ದೋಣಿ ನಿಲ್ದಾಣ, ಕಲ್ಲಿನ ಗಟ್ಟಿ ಗೋಡೆ ಹೊರತಿರುವಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ರೈನ್ ನದಿ ದೊಡ್ಡದಾಗಿ ತಿರುಗುತ್ತದೆ. ಜನ ಬಟ್ಟೆಯನ್ನು ನೀರು ಒಳಗೆ ಹೋಗದ, ಮೀನಿನಾಕಾರದ ಚೀಲಕ್ಕೆ ತುಂಬಿಕೊಂಡು ನದಿಯ ಜೊತೆ ತೇಲಿಕೊಂಡು ಹೋಗುತ್ತಾರೆ, ಅದೂ ಒಳತಿರುವಿನ ಕ್ಲೈನ್‌ಬಾಸೆಲ್ ದಡದ ಪಕ್ಕದಲ್ಲೇ. ಇಳಿಯಲು ಒಂದು ಜಾಗ, ಹತ್ತಲು ಕೆಳಗಡೆ ಹಲವು ಜಾಗ. ತೇಲಿಹೋಗುವವರಿಗೆ ಹತ್ತುವ ಮೆಟ್ಟಿಲು ತಪ್ಪಿದರೆ ಮುಂದೆ ಇನ್ನೊಂದು ಬೇಗ ಸಿಗಬೇಕು, ಇದನ್ನು ಮರೆಯಬೇಡಿ. ಒಳತಿರುವು ಗೊತ್ತಿಲ್ಲದೆ ಎಲ್ಲೋ ಮರಳು ತಂದು ಸುರಿದರೆ ಮೊದಲ ನೆರೆಗೇ ಕೊಚ್ಚಿಹೋಗುತ್ತದೆ. ದುಡ್ಡೂ ಹೋಯಿತು, ಮರಳೂ ಹೋಯಿತು.

ನೀರಿನ ಒಳಗೂ ವಿನ್ಯಾಸ ಮುಂದುವರಿಯಬೇಕು. ಕೊನೆಯ ಮೆಟ್ಟಿಲು ಆದ ತಕ್ಷಣ ಮೂರು ಮೀಟರ್ ಆಳ ಇದ್ದರೆ ಅದು ಬಲೆ. ನೀರಿನ ಅಡಿಯಲ್ಲಿ ಮೊಣಕಾಲು ಮುಳುಗುವಷ್ಟು ಆಳದ ಚಪ್ಪಟೆ ಅಂಚು ಕನಿಷ್ಠ ಎರಡು ಮೂರು ಮೀಟರ್ ಇರಲಿ. ಕಾಲಿಗೆ ತಿಳಿಯುವ ಹಾಗೆ ಅದರ ಕೊನೆಯಲ್ಲಿ ಒಂದು ಒರಟು ಕಲ್ಲಿನ ಪಟ್ಟಿ. ಪಾಚಿ ಕಟ್ಟುವ ಕಡೆ ನಯವಾದ ಗ್ರಾನೈಟ್ ಬೇಡವೇ ಬೇಡ, ಉಳಿಯಿಂದ ಒರಟು ಮಾಡಿದ ಕಲ್ಲು ಹಾಕಿ. ಆಳ ಇರುವ ಕಡೆ ಕಂಬಿ ಹಾಕಿ, ಜೊತೆಗೆ ಗೋಡೆಗೆ ಏಣಿ, ಹಿಡಿದುಕೊಳ್ಳಲು ಸರಪಳಿ, ಎಸೆಯಲು ತೇಲುಬಳೆ ಇಡಿ. ಬಿದ್ದವರು ಮೊದಲು ಹುಡುಕುವುದು ಹಿಡಿದುಕೊಳ್ಳಲು ಏನಾದರೂ ಸಿಗುತ್ತದಾ ಅಂತ, ನುಣ್ಣನೆಯ ಗೋಡೆಯಲ್ಲಿ ಏನೂ ಸಿಗುವುದಿಲ್ಲ.

ಒಂದು ಎಚ್ಚರಿಕೆ, ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ನೀರು ನಿಲ್ಲಿಸಿ ಚಂದ ಕಾಣಲಿ ಅಂತ ಅಡ್ಡಲಾಗಿ ಕಟ್ಟುವ ಗಿಡ್ಡ ಒಡ್ಡುಗಳು ತುಂಬಾ ಅಪಾಯಕಾರಿ. ಒಡ್ಡಿನ ಕೆಳಗೆ ನೀರು ಹಿಂದಕ್ಕೆ ಸುತ್ತುತ್ತದೆ. ಅದರಲ್ಲಿ ಸಿಕ್ಕವರನ್ನು ಮತ್ತೆ ಮತ್ತೆ ಒಳಗೆಳೆಯುತ್ತದೆ, ಒಳ್ಳೇ ಈಜುಗಾರರೂ ಹೊರಬರುವುದು ಕಷ್ಟ. ಮ್ಯೂನಿಕ್ ನಗರ ಈಸರ್ ನದಿಯನ್ನು ಮತ್ತೆ ತೆರೆದಾಗ ಇಂಥ ನೇರ ಇಳಿತಗಳನ್ನು ತೆಗೆದು, ಬಂಡೆಗಳನ್ನು ಹರಡಿದ ಇಳಿಜಾರು ಮಾಡಿತು. ಮೀನೂ ಹತ್ತುತ್ತದೆ, ಜನರಿಗೂ ಅಪಾಯ ಕಡಿಮೆ.

ಒಂದು ದಂಡೆಯಿಂದ ಇನ್ನೊಂದಕ್ಕೆ ದಾಟುವ ಹೆಜ್ಜೆಗಲ್ಲುಗಳನ್ನು ಎಲ್ಲಿ ಸಾಧ್ಯವೋ ಅಲ್ಲಿ ಹಾಕಿ. ಚಂಗ್ಯೆಚನ್ ಹೊಳೆಯಲ್ಲಿ ಅವು ಇವೆ, ದಾಟುವವರು ನಡುವೆ ನಿಂತು ನೀರಿಗೆ ಬಗ್ಗುತ್ತಾರೆ. ಸಣ್ಣ ಹೊಳೆಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹತ್ತಿರ ತರುವ ಬೇರೆ ವಸ್ತು ನನಗೆ ಗೊತ್ತಿಲ್ಲ. ಅಂದ ಹಾಗೆ ಆ ಹೊಳೆಯ ನೀರಿನ ಹೆಚ್ಚಿನ ಪಾಲು ಹಾನ್ ನದಿಯಿಂದ ಪಂಪ್ ಮಾಡಿ ತರುವುದು. ಅಹಮದಾಬಾದಿನ ಸಾಬರಮತಿಯಲ್ಲಿ ತುಂಬಿ ನಿಂತಿರುವುದೂ ನರ್ಮದಾ ಕಾಲುವೆಯಿಂದ ಬಿಟ್ಟ ನೀರು. ಬೇಸಿಗೆಯಲ್ಲಿ ನಿಮ್ಮ ನದಿಯಲ್ಲಿ ನೀರು ಇರುತ್ತದಾ, ಇಲ್ಲದಿದ್ದರೆ ಎಲ್ಲಿಂದ, ಯಾರ ಪಾಲಿನಿಂದ ತರುತ್ತೀರಿ ಅನ್ನುವ ಪ್ರಶ್ನೆಯನ್ನು ಮೊದಲ ಸಭೆಯಲ್ಲೇ ಕೇಳಿ.

ನದಿಗೆ ಜಾಗ ಕೊಡಿ

ನದಿಯನ್ನು ಎರಡು ಗೋಡೆಯ ನಡುವೆ ಕಿರಿದು ಮಾಡಿ ಹೊಸ ಜಮೀನು ತೆಗೆಯುವುದು ದೊಡ್ಡ ಆಸೆ. ಆ ಜಮೀನು ಮಾರಿ ಯೋಜನೆಯ ಖರ್ಚು ತೆಗೆಯಬಹುದು ಅಂತ ಲೆಕ್ಕ. ಸಾಬರಮತಿಯಲ್ಲಿ ಹೀಗೆ ಎರಡೂ ಕಡೆ ಸೇರಿ 200 ಹೆಕ್ಟೇರಿಗಿಂತ ಜಾಸ್ತಿ ಜಾಗ ಹೊರಬಂತು. ಕಿಲೋಮೀಟರ್‌ಗಟ್ಟಲೆ ಅಡೆತಡೆ ಇಲ್ಲದೆ ನಡೆಯುವ ದಾರಿಯೂ ಸಿಕ್ಕಿತು, ಅದು ನಿಜಕ್ಕೂ ದೊಡ್ಡ ಲಾಭ. ಆದರೆ ದಡದಲ್ಲಿದ್ದ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ನದಿಯೂ ಎರಡು ಗೋಡೆಯ ನಡುವಿನ ಕೊಳದಂತಾಯಿತು. ಕಿರಿದಾದ ಜಾಗದಲ್ಲಿ ನೀರು ಏರುತ್ತದೆ, ವೇಗ ಜಾಸ್ತಿಯಾಗುತ್ತದೆ, ಆಮೇಲೆ ಅದಕ್ಕೇ ಇನ್ನೂ ಎತ್ತರದ ಗೋಡೆ ಬೇಕಾಗುತ್ತದೆ. ಗೋಡೆ ಎತ್ತರವಾದಷ್ಟೂ ಜನ ನೀರಿನಿಂದ ದೂರ.

ತಿರುಗಾಮುರುಗಾ ಮಾಡಿದವರೂ ಇದ್ದಾರೆ. ಸಿಂಗಾಪುರದ ಬಿಶಾನ್ ಉದ್ಯಾನದಲ್ಲಿ ಕಾಲಾಂಗ್ ನದಿ 2.7 ಕಿಲೋಮೀಟರಿನ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. 2012ರ ಹೊತ್ತಿಗೆ ಅದನ್ನು ಒಡೆದು, ಉದ್ಯಾನದ ಒಳಗೇ ಅಂಕುಡೊಂಕಾಗಿ ಹರಿಯುವ ಸುಮಾರು 3 ಕಿಲೋಮೀಟರಿನ ಹೊಳೆ ಮಾಡಿದರು. ಮಾಮೂಲಿ ದಿನ ಅದು ಸಣ್ಣ ಹೊಳೆ, ಮಕ್ಕಳು ಅದರಲ್ಲಿ ಮೀನು ನೋಡುತ್ತಾರೆ. ಮಳೆ ಬಂದರೆ ಹುಲ್ಲಿನ ಬಯಲೇ ನದಿಯ ಅಗಲ. ಕಾಂಕ್ರೀಟ್ ಕಾಲುವೆಗಿಂತ ಜಾಸ್ತಿ ನೀರನ್ನೇ ಅದು ಒಯ್ಯುತ್ತದೆ. ದಡ ಹಿಡಿದಿಟ್ಟಿರುವುದು ಗಿಡದ ಬೇರು, ಕಲ್ಲು, ತಂತಿಬಲೆಯ ಕಲ್ಲುಪೆಟ್ಟಿಗೆ. ದೊಡ್ಡದಾಗಿ ಮಾಡುವ ಮೊದಲು ಒಂದು ಸಣ್ಣ ಕಾಲುವೆಯ ದಡದಲ್ಲಿ ಹಲವು ವಿಧಾನಗಳನ್ನು ಹಾಕಿ ಯಾವುದು ನಿಲ್ಲುತ್ತದೆ ಅಂತ ನೋಡಿದ್ದರು. ಈ ಒಂದನ್ನು ಕಣ್ಣುಮುಚ್ಚಿ ನಕಲು ಮಾಡಬಹುದು.

ಮ್ಯೂನಿಕ್ಕಿನ ಈಸರ್ ಕೆಲಸ 2000ದಿಂದ 2011ರವರೆಗೆ ನಡೆಯಿತು, ಉದ್ದ 8 ಕಿಲೋಮೀಟರ್. ನದಿಯ ಪಾತ್ರವನ್ನು ಅಗಲ ಮಾಡಿ, ಬೆಣಚುಕಲ್ಲಿನ ದಿಬ್ಬಗಳು ತಾವಾಗಿಯೇ ಜಾಗ ಬದಲಿಸಲಿ ಅಂತ ಬಿಟ್ಟರು. ಮೇಲ್ಭಾಗದ ಊರುಗಳ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಬೇಸಿಗೆಯಲ್ಲಿ ಅತಿನೇರಳೆ ಕಿರಣದಿಂದ ರೋಗಾಣು ಕೊಲ್ಲುವ ವ್ಯವಸ್ಥೆಯೂ ಇದೆ. ನೆದರ್‌ಲ್ಯಾಂಡ್ಸಿನ ನೈಮೇಗನ್ ಊರು ನೆರೆ ತಡೆಯಲು ದಡದಲ್ಲಿ ಕಟ್ಟಿದ್ದ ಒಡ್ಡನ್ನೇ 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಎರಡನೇ ಕಾಲುವೆ ತೋಡಿತು. ದೊಡ್ಡ ಹಡಗು ಮುಖ್ಯ ನದಿಯಲ್ಲಿ ಹೋಗುತ್ತವೆ, ಜನ ಪಕ್ಕದ ಶಾಂತ ಕಾಲುವೆಯಲ್ಲಿ ಆಡುತ್ತಾರೆ. ಮುಖ್ಯ ನದಿ ತುಂಬಾ ದೊಡ್ಡದು, ಜೋರು, ಹಡಗು ಸಂಚಾರ ಬೇರೆ ಇದೆ ಅನ್ನುವ ಊರುಗಳಿಗೆ ಈ ಪಕ್ಕದ ಕಾಲುವೆಯ ಉಪಾಯ ಚೆನ್ನಾಗಿ ಹೊಂದುತ್ತದೆ.

ಅಮೆರಿಕದ ಸ್ಯಾನ್ ಆಂಟೋನಿಯೋದ ನದಿದಾರಿ ನೋಡಿ ಎಲ್ಲರೂ ಮರುಳಾಗುತ್ತಾರೆ, ಹೋಟೆಲ್ ಮೇಜಿನ ಪಕ್ಕದಲ್ಲೇ ನೀರು! ಆದರೆ ಅದು ಹೇಗೆ ಸಾಧ್ಯವಾಯಿತು ಅಂತ ಕೇಳುವವರು ಕಡಿಮೆ. 1921ರ ಭೀಕರ ನೆರೆ ಆದ ಮೇಲೆ ನೆರೆಯ ನೀರು ನೇರವಾಗಿ ಹೋಗುವುದಕ್ಕೆ ಬೇರೆ ಕಾಲುವೆ ತೋಡಿದರು. ಊರಿನೊಳಗಿನ ತಿರುವಿಗೆ ಗೇಟು ಹಾಕಿದರು. ಹಾಗಾಗಿಯೇ ತಿರುವಿನಲ್ಲಿ ನೀರಿನ ಮಟ್ಟ ಕೈಯಲ್ಲಿ ಹಿಡಿದ ಹಾಗಿದೆ. ಗೇಟು, ಬದಲಿ ಕಾಲುವೆ ಇಲ್ಲದೆ ಮೇಜು ಕುರ್ಚಿಯನ್ನು ಮಾತ್ರ ನಕಲು ಮಾಡಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ನೆರೆ ಬಂದು ಹೋದ ಮೇಲೆ

ಮುಳುಗುವ ಜಾಗದಲ್ಲಿ ಇಡುವ ಪ್ರತಿ ವಸ್ತುವಿಗೂ ಎರಡು ಪ್ರಶ್ನೆ ಕೇಳಿ. ಇದು ತೇಲುತ್ತದಾ? ಇದಕ್ಕೆ ಕಸ ಸಿಕ್ಕಿಹಾಕಿಕೊಳ್ಳುತ್ತದಾ? ಮರದ ಬೆಂಚು ತೇಲಿಹೋಗಿ ಕೆಳಗಿನ ಸೇತುವೆಗೆ ಹೊಡೆಯುತ್ತದೆ. ಒತ್ತೊತ್ತಾದ ಸರಳಿನ ಕಂಬಿಗೆ ಕೊಂಬೆ, ಪ್ಲಾಸ್ಟಿಕ್ ಸಿಕ್ಕಿ ಅದೇ ಒಂದು ಒಡ್ಡಾಗುತ್ತದೆ, ಆಮೇಲೆ ಬುಡಸಮೇತ ಕಿತ್ತುಹೋಗುತ್ತದೆ. ಆಸ್ಟ್ರೇಲಿಯಾದ ಬ್ರಿಸ್ಬೇನಿನ ತೇಲುವ ಕಾಲುದಾರಿಯನ್ನು 2011ರ ನೆರೆ ಕೊಚ್ಚಿಕೊಂಡು ಹೋಯಿತು. 2014ರಲ್ಲಿ ಅದನ್ನು ಮತ್ತೆ ಕಟ್ಟಿದಾಗ ಗಟ್ಟಿ ಕಂಬಗಳ ಮೇಲೆ ಕಟ್ಟಿದರು. ಬೆಂಚು ಕಲ್ಲಿನದಿರಲಿ, ಕಂಬಿ ಮಡಚುವಂಥದ್ದು ಅಥವಾ ಬಿಚ್ಚಿ ಒಯ್ಯುವಂಥದ್ದಿರಲಿ.

ದೀಪದ ವೈರು, ಸ್ವಿಚ್ಚು ಎಲ್ಲ ನೆರೆಯ ಮಟ್ಟದ ಮೇಲೆ. ದೀಪ ತಗ್ಗಿನಲ್ಲಿ, ನೆಲಕ್ಕೆ ಮಾತ್ರ ಬೀಳುವ ಹಾಗೆ, ಹಳದಿ ಬೆಳಕಿನದು. ನೀರಿಗೆ ಬಣ್ಣಬಣ್ಣದ ಲೈಟು ಬಿಡುವ ಚಟ ನಿಲ್ಲಿಸಿದರೆ ಮೀನಿಗೂ ಹುಳುಹುಪ್ಪಟೆಗೂ ಬದುಕು.

ಹೂಳು ಯಾರೂ ಯೋಚಿಸದ ವಿಷಯ. ನೆರೆ ಇಳಿದ ಮೇಲೆ ಒಂದು ಗೇಣು ಕೆಸರು ಕೂತಿರುತ್ತದೆ, ಎರಡು ಬಿಸಿಲಿಗೆ ಅದು ಇಟ್ಟಿಗೆಯಾಗುತ್ತದೆ. 2017ರ ಹಾರ್ವೆ ಚಂಡಮಾರುತದ ನಂತರ ಅಮೆರಿಕದ ಹ್ಯೂಸ್ಟನ್ನಿನ ಬಫಲೋ ಬಾಯೂ ಅನ್ನುವ ಹೊಳೆಯ ದಡದ ಉದ್ಯಾನದಲ್ಲಿ ಹೂಳು ತೆಗೆಯುವುದೇ ದೊಡ್ಡ ಕೆಲಸವಾಯಿತು. ಹಾಗಾಗಿ ಕೆಳಗಿನ ದಾರಿ ನದಿಯ ಕಡೆಗೆ ಸ್ವಲ್ಪ ಓರೆಯಾಗಿರಲಿ, ತೊಳೆದ ಕೆಸರು ನದಿಗೇ ಹೋಗಲಿ. ಮೂಲೆ, ಗುಂಡಿ, ಕಿರಿದಾದ ಸಂದು ಕಡಿಮೆ ಇರಲಿ. ಸಣ್ಣ ಟ್ರ್ಯಾಕ್ಟರ್ ಇಳಿಯುವಷ್ಟು ಅಗಲದ ದಾರಿ ಒಂದಾದರೂ ಬೇಕು. ತೊಳೆಯಲು ನೀರಿನ ಕೊಳವೆ ಮೇಲಿನ ಹಂತದಲ್ಲಿ.

ಎಚ್ಚರಿಕೆಯ ವ್ಯವಸ್ಥೆ ಇಲ್ಲದೆ ಕೆಳಗಿನ ಹಂತವನ್ನು ಜನರಿಗೆ ತೆರೆಯಬಾರದು. ಬಿಶಾನ್‌ನಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್, ಸೈರನ್, ಎಚ್ಚರಿಕೆ ದೀಪ ಇವೆ. ಚಂಗ್ಯೆಚನ್‌ನಲ್ಲಿ ಜೋರು ಮಳೆ ಬಂದರೆ ಪಕ್ಕದ ಗೋಡೆಯ ಗೇಟುಗಳು ತೆರೆದು ನೀರು ನುಗ್ಗುತ್ತದೆ, ದಾರಿಯನ್ನು ಮೊದಲೇ ಮುಚ್ಚುತ್ತಾರೆ. ಸಣ್ಣ ನದಿಗಳಲ್ಲಿ ನೀರು ನಿಮಿಷಗಳಲ್ಲಿ ಏರುತ್ತದೆ. ಇಲ್ಲಿ ಬಿಸಿಲಿದ್ದರೂ ಮೇಲ್ಭಾಗದಲ್ಲಿ ಮಳೆ ಬಿದ್ದಿರಬಹುದು. ಮೇಲ್ಭಾಗದಲ್ಲಿ ಅಣೆಕಟ್ಟು ಇದ್ದರೆ, ಗೇಟು ತೆಗೆಯುವ ಸುದ್ದಿ ನಿಮ್ಮ ಸೈರನ್ನಿಗೆ ನೇರವಾಗಿ ತಲುಪುತ್ತದಾ ಅಂತ ವಿಚಾರಿಸಿ.

ದಡದಲ್ಲಿ ಈಗಾಗಲೇ ಇರುವವರು

ನದಿಯ ಜೊತೆ ಸಂಬಂಧ ಕಳೆದುಕೊಂಡವರು ಊರಿನ ಉಳಿದವರು. ದಡದಲ್ಲಿ ಕೆಲಸ ಮಾಡುವವರಿಗೆ ಆ ಸಂಬಂಧ ಇದ್ದೇ ಇದೆ. ಯೋಜನೆ ಬಂದಾಗ ಮೊದಲು ಎದ್ದು ಹೋಗುವವರು ಅವರೇ ಆಗಿಬಿಡುತ್ತಾರೆ, ಅದಕ್ಕೆ ‘ಸ್ವಚ್ಛತೆ’ ಅನ್ನುವ ಹೆಸರು. ಬಟ್ಟೆ ಒಗೆಯುವ ಕಲ್ಲು, ದೋಣಿ ಎಳೆದು ನಿಲ್ಲಿಸುವ ಇಳಿಜಾರು, ಬಲೆ ಒಣಗಿಸುವ ಜಾಗ, ವಾರದ ಸಂತೆ ಇವುಗಳನ್ನು ನಕ್ಷೆಯಲ್ಲಿ ಮೊದಲ ದಿನವೇ ಗುರುತು ಮಾಡಿ, ಅಲ್ಲೇ ಬಿಡಿ. ಬೇಕಾದರೆ ಚೆನ್ನಾಗಿ ಕಟ್ಟಿಕೊಡಿ. ಇವರು ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲಿರುವುದರಿಂದಲೇ ಜಾಗ ನಿರ್ಜನವಾಗುವುದಿಲ್ಲ, ಬಿದ್ದವರನ್ನು ಎತ್ತುವವರೂ ಅವರೇ.

ಜನ ಅಲ್ಲಿ ಉಳಿಯಬೇಕಾದರೆ ನೆರಳು, ಕುಡಿಯುವ ನೀರು, ಶೌಚಾಲಯ ಬೇಕು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು, ಆದರೂ ಕೊನೆಗೆ ಬಿಟ್ಟುಹೋಗುವುದು ಇವೇ ಮೂರು. ಟಿಕೆಟ್ ಇಡಬೇಡಿ. ಹತ್ತು ರೂಪಾಯಿ ಆದರೂ ಸರಿ, ಟಿಕೆಟ್ ಬಂದ ತಕ್ಷಣ ದಿನಾ ಬರುತ್ತಿದ್ದವರು ತಿಂಗಳಿಗೊಮ್ಮೆ ಬರುತ್ತಾರೆ.

ಎಲ್ಲಿಂದ ಶುರು

ಹನ್ನೆರಡು ಕಿಲೋಮೀಟರ್ ಒಟ್ಟಿಗೆ ಕಟ್ಟಬೇಡಿ. ಒಂದು ಒಳತಿರುವು ಆರಿಸಿ, ಅಲ್ಲಿ ಮುನ್ನೂರು ಮೀಟರ್ ಮಾಡಿ. ಅದಕ್ಕೂ ಮೊದಲು ಒಂದು ಬೇಸಿಗೆ ತಾತ್ಕಾಲಿಕವಾಗಿ ಮಾಡಿ ನೋಡಿ: ಭಾನುವಾರ ರಸ್ತೆ ಮುಚ್ಚಿ, ಬಿಚ್ಚಿ ಒಯ್ಯುವಂಥ ಕಟ್ಟೆ ಹಾಕಿ, ಕುರ್ಚಿ ಇಡಿ. ಪ್ಯಾರಿಸ್ 2002ರಲ್ಲಿ ಬೇಸಿಗೆಯ ಕೆಲವು ವಾರ ನದಿ ಪಕ್ಕದ ರಸ್ತೆ ಮುಚ್ಚಿ ಮರಳು ಸುರಿದು ಶುರು ಮಾಡಿತ್ತು. ಆ ಬಲದಂಡೆಯ ರಸ್ತೆ 2016ರಲ್ಲಿ ಕಾರುಗಳಿಗೆ ಕಾಯಂ ಮುಚ್ಚಿತು. ಹದಿನಾಲ್ಕು ವರ್ಷ ಬೇಕಾಯಿತು, ಅಷ್ಟರಲ್ಲಿ ಜನರಿಗೆ ಅಭ್ಯಾಸವಾಗಿತ್ತು.

ಆ ಮುನ್ನೂರು ಮೀಟರಿನಲ್ಲಿ ಒಂದು ಪೂರ್ತಿ ವರ್ಷ ಕಾಯಿರಿ, ಒಂದು ನೆರೆ ಬಂದು ಹೋಗಲಿ. ಏನು ಕಿತ್ತುಹೋಯಿತು, ಹೂಳು ಎಲ್ಲಿ ಕೂತಿತು, ಜನ ನಿಮ್ಮ ಮೆಟ್ಟಿಲು ಬಿಟ್ಟು ಎಲ್ಲಿ ಇಳಿದು ಕಾಲುದಾರಿ ಮಾಡಿಕೊಂಡರು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಮುನ್ನೂರು ಮೀಟರಿನ ನಕ್ಷೆ ಅದರಿಂದ ಬರಲಿ. ಮತ್ತೆ ಟೆಂಡರ್ ಕರೆಯುವಾಗ ಹೂಳು ತೆಗೆಯುವ ಖರ್ಚನ್ನು, ಕನಿಷ್ಠ ಹತ್ತು ವರ್ಷದ್ದು, ಕಟ್ಟುವ ಖರ್ಚಿನ ಜೊತೆಗೇ ಸೇರಿಸಿ ಬರೆಸಿ.